ಕುದಿಸಿದರೂ ಸಾಯದ ವಿಷ

ಬೆಳಗಿನ ಜಾವ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತವರ ಸಾಲು ನೋಡುವಂತಿರುತ್ತದೆ. ಅಂಥ ಸಾಲಿನಲ್ಲಿ ನಿಂತು, ಆಮೇಲೆ ಶಾಲೆಗೆ ಬರುವ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕಟ್ಟಿಹಾಕಿದಳು. “ಹಾಲು ಕಾಯಿಸಿದರೆ ರೋಗಾಣು ಸಾಯುತ್ತವೆ” ಎಂದು ನಾನು 25 ವರ್ಷಗಳಿಂದ ಹೇಳಿಕೊಂಡು ಬಂದ ಪಾಠವನ್ನೇ ಹೇಳುತ್ತಿದ್ದೆ. ಅವಳು ಕೇಳಿದಳು: “ಸತ್ತ ಮೇಲೆ ಅವುಗಳ ವಿಷ ಎಲ್ಲಿಗೆ ಹೋಗುತ್ತೆ ಸಾರ್?”

ನನ್ನ ಪಾಠ ಅರ್ಧ ಸತ್ಯ ಎಂಬುದು ಆಗ ಹೊಳೆಯಿತು.

ಕೊಟ್ಟಿಗೆಯಲ್ಲಿ ವಿಷ ತಯಾರಿಸುವ ರೋಗಾಣುಗಳಲ್ಲಿ ಎರಡನ್ನು ನಾವು ಮುಖ್ಯವಾಗಿ ತಿಳಿದಿರಬೇಕು. ಒಂದು, ಇ. ಕೋಲೈ ಜಾತಿಯ ಓ157 ಎಂಬ ತಳಿ. ರೋಗಕಾರಕವೆಂದು ಇದನ್ನು ಗುರುತಿಸಿದ್ದು 1982ರಲ್ಲಿ, ಅಮೆರಿಕದಲ್ಲಿ. ದನದ ಕರುಳಿನಲ್ಲಿದ್ದರೂ ಸಾಮಾನ್ಯವಾಗಿ ದನಕ್ಕೆ ಇದರಿಂದ ತೊಂದರೆಯಿಲ್ಲ. ಸಗಣಿಯಿಂದ ಕೆಚ್ಚಲಿಗೆ, ನೀರಿಗೆ, ಸೊಪ್ಪಿಗೆ ಹತ್ತಿ ನಮ್ಮ ಹೊಟ್ಟೆ ಸೇರಿದರೆ ರಕ್ತಭೇದಿ. ಚಿಕ್ಕ ಮಕ್ಕಳಲ್ಲಿ ಕೆಲವೊಮ್ಮೆ ಮೂತ್ರಪಿಂಡಕ್ಕೇ ಪೆಟ್ಟು. ಇದು ನಮ್ಮ ಕರುಳು ಸೇರಿದ ಮೇಲೆ ವಿಷ ಉಗುಳುವಂಥದು. ಹಾಗಾಗಿ ಹಾಲನ್ನು ಉಕ್ಕುವಂತೆ ಕಾಯಿಸಿದರೆ ಇದರ ಕಾಟ ಮುಗಿಯಿತು.

ಎರಡನೆಯದು ಸ್ಟ್ಯಾಫಿಲೊಕಾಕಸ್ ಆರಿಯಸ್. ಹಸುವಿನ ಕೆಚ್ಚಲು ಬಾವಿಗೆ ಕಾರಣವಾಗುವ ರೋಗಾಣುಗಳಲ್ಲಿ ಇದೂ ಒಂದು. ಹಾಲು ಕರೆಯುವವರ ಮೂಗು, ಕೈ ಹುಣ್ಣುಗಳಲ್ಲೂ ಇರುತ್ತದೆ. ಇದರ ಕೆಲವು ತಳಿಗಳು ಬೆಚ್ಚಗಿನ ಹಾಲಿನಲ್ಲೇ ಬೆಳೆದು, ಅಲ್ಲೇ ವಿಷ ಬಿಡುತ್ತವೆ. ಕಾಯಿಸಿದರೆ ರೋಗಾಣು ಸಾಯುತ್ತದೆ. ವಿಷ ಮಾತ್ರ ಅರ್ಧ ಗಂಟೆ ಕುದಿಸಿದರೂ ಉಳಿಯಬಲ್ಲದು. ಅದು ಹೊಟ್ಟೆಗೆ ಬಿದ್ದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನುಲಿತ ಶುರು.

ಇದು ಬರೀ ಪುಸ್ತಕದ ಮಾತಲ್ಲ. 2000ನೇ ಇಸವಿಯ ಮಾರ್ಚ್‌ನಲ್ಲಿ ಜಪಾನಿನ ಹೊಕ್ಕೈಡೊದ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ಸುಮಾರು ಮೂರು ಗಂಟೆ ಕರೆಂಟು ಹೋಯಿತು. ತಣ್ಣಗಿರಬೇಕಾದ ಹಾಲು ಬೆಚ್ಚಗೆ ನಿಂತಿತು. ಆಮೇಲಿನ ಕಾವಿಗೆ ರೋಗಾಣು ಸತ್ತವು, ವಿಷ ಪುಡಿಯಲ್ಲೇ ಉಳಿಯಿತು. ಆ ಪುಡಿ ಬಳಸಿದ ಹಾಲಿನ ಪದಾರ್ಥಗಳಿಂದ ಒಸಾಕಾ ಸುತ್ತಮುತ್ತ 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕರೆಂಟು ಹೋಗುವುದು ನಮಗೇನು ಹೊಸದೇ?

ಹಾಗಾದರೆ ಮಾಡಬೇಕಾದ್ದೇನು? ಕರೆಯುವ ಮುನ್ನ ಕೈ, ಕೆಚ್ಚಲು ತೊಳೆದು ಒರೆಸಬೇಕು. ಮೊದಲ ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೆ ಕರೆದು ನೋಡಿ. ಗರಣೆ ಕಂಡರೆ ಆ ಹಾಲನ್ನು ಬೇರೆ ಹಾಲಿಗೆ ಬೆರೆಸದೆ ಪಶುವೈದ್ಯರಿಗೆ ತಿಳಿಸಿ. ಕರೆದ ಮೇಲೆ ಸ್ವಲ್ಪ ಹೊತ್ತು ಮೊಲೆತೊಟ್ಟಿನ ರಂಧ್ರ ತೆರೆದೇ ಇರುತ್ತದೆ. ಆಗ ಮೇವು ಹಾಕಿ ಅರ್ಧ ಗಂಟೆ ಹಸುವನ್ನು ನಿಲ್ಲಿಸಿ. ಕರೆದ ಹಾಲು ಬೇಗ ಡೇರಿ ಸೇರಿ ತಣ್ಣಗಾಗಲಿ.

ತುಮಕೂರಿನಲ್ಲಿ ಬಿಡಿ ಹಾಲು ಕೊಳ್ಳುವವರಿಗೂ ಒಂದು ಮಾತು. “ಹೇಗೂ ಕಾಯಿಸುತ್ತೇವಲ್ಲ” ಎಂದು ಮಧ್ಯಾಹ್ನದವರೆಗೆ ಹಸಿ ಹಾಲನ್ನು ಹೊರಗಿಡಬೇಡಿ. ಬಂದ ಕೂಡಲೇ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ.

ಮರುದಿನ ಆ ಹುಡುಗಿಗೆ ಉತ್ತರ ಕೊಟ್ಟೆ: “ಎಲ್ಲಿಗೂ ಹೋಗಲ್ಲ ಕಣಮ್ಮ. ಅದು ಹುಟ್ಟದ ಹಾಗೆ ನೋಡಿಕೊಳ್ಳಬೇಕು, ಅಷ್ಟೆ.”