ವ್ಯಾಪಾರಕ್ಕೂ ಡಿಗ್ರಿ ಬೇಕೇ?

ಬಿ.ಕಾಂ. ಅಥವಾ ಬಿ.ಎ. ಮುಗಿಸಿದ ಮಗಳು "ಎಂಬಿಎ ಓದುತ್ತೇನೆ" ಎಂದಾಗ ಮನೆಯ ಹಿರಿಯರ ಬಾಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ವ್ಯಾಪಾರ ಮಾಡಲು ಡಿಗ್ರಿ ಬೇಕೇ? ನಿನ್ನ ದಾದಾ ಯಾವ ಕಾಲೇಜಿಗೆ ಹೋಗಿದ್ದರು?" ಪ್ರಶ್ನೆಯಲ್ಲಿ ತಪ್ಪಿಲ್ಲ. ಎಷ್ಟೋ ಮನೆಗಳಲ್ಲಿ ವ್ಯಾಪಾರ ತಲೆಮಾರುಗಳಿಂದ ಬಂದದ್ದು. ಆದರೆ ಪ್ರಶ್ನೆಯನ್ನು ಕೇಳಿ ಅಲ್ಲಿಗೇ ಸುಮ್ಮನಾಗಬೇಡಿ, ಉತ್ತರವನ್ನೂ ಹುಡುಕಿ.

ಹಂಪಾಪುರವನ್ನೇ ತೆಗೆದುಕೊಳ್ಳೋಣ. ಎಚ್.ಡಿ. ಕೋಟೆ ತಾಲೂಕಿನ ಈ ಹೋಬಳಿ ಕೇಂದ್ರ ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿದೆ. ಸುತ್ತಲೂ ಹತ್ತಿ, ಹೊಗೆಸೊಪ್ಪು, ಶುಂಠಿ. (ಹೊಗೆಸೊಪ್ಪಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಅದು ಬೇರೆ ಮಾತು.) ಇಂಥ ಊರಿನ ದಿನಸಿ ಅಂಗಡಿಯವನು ಫಸಲು ಮಾರಾಟವಾಗುವವರೆಗೆ ರೈತನಿಗೆ ಸಾಲ ಕೊಡಲೇಬೇಕು. ಅವನು ತಿಂಗಳಿಗೆ 1 ಲಕ್ಷ ರೂಪಾಯಿಯ ಸಾಮಾನು ಮಾರುತ್ತಾನೆ, ಅದರ ಅಸಲು 90 ಸಾವಿರ ಎಂದಿಟ್ಟುಕೊಳ್ಳಿ. ಮಾರಿದ್ದರಲ್ಲಿ 40 ಸಾವಿರ ಸಾಲದ ಪುಸ್ತಕಕ್ಕೆ ಹೋಗುತ್ತದೆ. ಐದು ತಿಂಗಳಾದ ಮೇಲೆ ಲೆಕ್ಕ ಮಾಡಿದರೆ 50 ಸಾವಿರ ಲಾಭ. ಆದರೆ ಕೈಗೆ ಬಂದ ನಗದು 3 ಲಕ್ಷ, ಸಗಟು ವ್ಯಾಪಾರಿಗೆ ಕೊಡಬೇಕಾದದ್ದು 4.5 ಲಕ್ಷ. ಲಾಭದಲ್ಲಿರುವ ಮನುಷ್ಯ ಒಂದೂವರೆ ಲಕ್ಷಕ್ಕಾಗಿ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. "ವ್ಯಾಪಾರ ಚೆನ್ನಾಗಿತ್ತು, ಬರಕತ್ ಇಲ್ಲ" ಎಂದು ಅಂಗಡಿ ಮುಚ್ಚಿದವರನ್ನು ನೀವೂ ಕಂಡಿರಬಹುದು. ಹಲವು ಸಲ ಅಲ್ಲಿ ಇಲ್ಲದೆ ಹೋದದ್ದು ಈ ಲೆಕ್ಕ. ಎಂಬಿಎ ತರಗತಿಯಲ್ಲಿ ಇದಕ್ಕೆ 'ದುಡಿಯುವ ಬಂಡವಾಳ' ಎಂಬ ಹೆಸರಿದೆ. ಎಷ್ಟು ಸಾಲ ಕೊಡಬಹುದು, ಎಷ್ಟು ದಿನಕ್ಕೆ, ಎಷ್ಟು ಸರಕು ಹಿಡಿದಿಡಬೇಕು ಎಂಬುದನ್ನು ಅಲ್ಲಿ ಲೆಕ್ಕ ಹಾಕಿ ಕಲಿಸುತ್ತಾರೆ. ಕುರ್‌ಆನಿನ ಅತಿ ದೀರ್ಘ ವಚನ (ಅಲ್ ಬಕರಃ, 282) ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿಯೇ ಇದೆ ಎಂಬುದನ್ನು ಬಲ್ಲವರಿಗೆ ಈ ವಿದ್ಯೆ ಪರಕೀಯವೆನಿಸದು.

ಎಂಬಿಎ ಎಂಬ ಪದವಿಯನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ 1908ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನ ಐಐಎಂಗಳು 1961ರಲ್ಲಿ, ಬೆಂಗಳೂರಿನದು 1973ರಲ್ಲಿ ಹುಟ್ಟಿದವು. ಹಂಪಾಪುರದ ಹುಡುಗಿ ಅಷ್ಟು ದೂರ ಹೋಗಬೇಕಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಬಿ.ಎನ್. ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, 'ಬಿಮ್ಸ್' ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಎಂಬಿಎ ಅಲ್ಲಿ. ಎಂ.ಕಾಂ. ವಾಣಿಜ್ಯ ವಿಭಾಗದಲ್ಲಿ.

ಇವೆರಡರಲ್ಲಿ ಯಾವುದು ಎಂದು ಹೆತ್ತವರು ಕೇಳುತ್ತಾರೆ. ಮಗಳಿಗೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದು ಬಿ.ಕಾಂ. ಓದಿದ್ದರೆ ಎಂ.ಕಾಂ. ಮಾಡಿ ನೆಟ್ ಅಥವಾ ಕೆ-ಸೆಟ್ ಬರೆಯುವುದು ನೇರ ದಾರಿ. ಕಂಪೆನಿ, ಬ್ಯಾಂಕು, ಆಸ್ಪತ್ರೆಯ ಆಡಳಿತ ಅಥವಾ ಮನೆಯದೇ ವ್ಯಾಪಾರ ಎಂದಾದರೆ ಎಂಬಿಎ. ಬಿ.ಎ. ಓದಿದವರಿಗೂ ಎಂಬಿಎ ಬಾಗಿಲು ತೆರೆದಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಯಾವುದೇ ಪದವಿಯಲ್ಲಿ ಶೇ. 50 ಅಂಕ ಇದ್ದರೆ ಸಾಮಾನ್ಯವಾಗಿ ಸಾಕು. ಗಣಿತ ಓದಿರಬೇಕೆಂಬ ನಿಯಮ ಎಂಬಿಎಗೆ ಇಲ್ಲ.

ಸರಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯಬೇಕು. ಕೊನೆಯ ಸೆಮಿಸ್ಟರಿನಲ್ಲಿರುವವರೂ ಬರೆಯಬಹುದು. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ. ನಮ್ಮ ಹುಡುಗಿಯರು ಲೆಕ್ಕಕ್ಕೆ ಹೆದರುವುದಿಲ್ಲ, ಅವರ ಭಯವೆಲ್ಲ ಇಂಗ್ಲಿಷಿನದು. ಎರಡು ವರ್ಷ, ನಾಲ್ಕು ಸೆಮಿಸ್ಟರ್ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ತರಗತಿಯ ಮುಂದೆ ನಿಂತು ವಿಷಯ ಮಂಡಿಸಬೇಕು, ಗುಂಪಿನಲ್ಲಿ ಕೂತು ವಾದಿಸಬೇಕು, ಒಂದು ಸಂಸ್ಥೆಗೆ ಹೋಗಿ ಕೆಲಸ ನೋಡಿ ವರದಿ ಬರೆಯಬೇಕು. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟವೇ. ಆದುದರಿಂದ ಪದವಿಯ ಎರಡನೇ ವರ್ಷದಲ್ಲೇ ದಿನಕ್ಕೊಂದು ಪುಟ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಸುದ್ದಿಯನ್ನು ಗಟ್ಟಿಯಾಗಿ ಓದಿಸಿ. ಅರ್ಥವಾಗದಿದ್ದರೂ ಓದಲಿ. ನಾವು ಮದ್ರಸದಲ್ಲಿ ಅರಬಿಯನ್ನು ಕಲಿತದ್ದು ಹಾಗೆಯೇ ಅಲ್ಲವೇ?

"ಅಷ್ಟೆಲ್ಲಾ ಯಾಕೆ, ಮನೆಯಲ್ಲೇ ಕೂತು ಎಂಬಿಎ ಮಾಡಿಸುತ್ತಾರಂತೆ" ಎನ್ನುವವರು ಇಲ್ಲಿ ಸ್ವಲ್ಪ ನಿಂತು ಓದಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಶುರುವಾದ ಅಂಚೆ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಸರಕಾರವೇ ಕಾನೂನು ಮಾಡಿ ಸ್ಥಾಪಿಸಿದ ಸಂಸ್ಥೆ. ಹಾಗಿದ್ದೂ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ರಾಜ್ಯದ ಗಡಿಯಾಚೆಗೂ ಕೋರ್ಸು ನಡೆಸಿದ್ದು ನಿಯಮಕ್ಕೆ ವಿರುದ್ಧವೆಂದು ಯುಜಿಸಿ ಆಕ್ಷೇಪಿಸಿತು. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲ ಎಂದು 2015ರ ಜೂನಿನಲ್ಲಿ ಪ್ರಕಟಿಸಿತು. ಅಂದರೆ ಎರಡು ವರ್ಷ ಶುಲ್ಕ ಕಟ್ಟಿ, ಪುಸ್ತಕ ಓದಿ, ಪರೀಕ್ಷೆ ಬರೆದವರಿಗೆ ಆಮೇಲೆ ತಿಳಿಯಿತು, ತಮ್ಮ ವರ್ಷಕ್ಕೆ ಮಾನ್ಯತೆ ಇಲ್ಲವೆಂದು. ಗಡಿಯಾಚೆ ಕೋರ್ಸು ನಡೆಸಿದ್ದಕ್ಕೂ ಮೈಸೂರು ಸೀಮೆಯಲ್ಲೇ ಕೂತು ಓದಿದ ಮಕ್ಕಳಿಗೂ ಏನು ಸಂಬಂಧ? ಆದರೂ ಪೆಟ್ಟು ಬಿದ್ದದ್ದು ಅವರಿಗೇ. 2018ರಲ್ಲಿ ಮುಕ್ತ ವಿ.ವಿ.ಗೆ ಮತ್ತೆ ಮಾನ್ಯತೆ ಸಿಕ್ಕಿತು, ಈಗ ಅಲ್ಲಿ ಸೇರಬಹುದು. ಆದರೆ ಆ ಘಟನೆಯನ್ನು ಮರೆಯಬೇಡಿ. ದೂರಶಿಕ್ಷಣದ ಜಾಹೀರಾತು ಕಂಡಾಗ ಸಂಸ್ಥೆಯ ಹೆಸರು ದೊಡ್ಡದೇ ಎಂದು ನೋಡಿದರೆ ಸಾಲದು. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಬೇಕು. ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ. ಹಣ ಕಟ್ಟಿದ ಮೇಲಲ್ಲ, ಮೊದಲು.

ಇನ್ನು ಹಣದ ಮಾತು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಬಡ್ಡಿಯಿದೆ ಎಂದು ಹಿಂಜರಿದು ಓದನ್ನೇ ನಿಲ್ಲಿಸಿದ ಮನೆಗಳಿವೆ. ಅವರ ಅಳುಕನ್ನು ನಾನು ಗೌರವಿಸುತ್ತೇನೆ. ಆದರೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯನ್ನು ವಿಚಾರಿಸಿದ್ದೀರಾ? ವೃತ್ತಿಪರ ಕೋರ್ಸುಗಳಿಗೆ ಸಾಲ ಕೊಡುವ ಯೋಜನೆ ಅದು, ಎಂಬಿಎ ಕೂಡ ಅದರಲ್ಲಿ ಸೇರಿದೆ. ಬಡ್ಡಿಯ ಬದಲು ಶೇ. 2ರ ಸೇವಾ ಶುಲ್ಕ. ಕುಟುಂಬದ ಆದಾಯಕ್ಕೆ ಮಿತಿಯಿದೆ. ಆ ಸೇವಾ ಶುಲ್ಕವನ್ನು ಹೇಗೆ ಪರಿಗಣಿಸಬೇಕೆಂದು ನಿಮಗೆ ವಿಶ್ವಾಸವಿರುವ ಆಲಿಮರಲ್ಲಿ ಕೇಳಿ, ಆದರೆ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ವಿವರ ತಿಳಿದುಕೊಂಡೇ ಕೇಳಿ. ಮದುವೆ ಊಟಕ್ಕೆ ಬಡ್ಡಿ ಸಾಲ ಮಾಡುವಾಗ ಯಾರನ್ನೂ ಕೇಳದವರು ಮಗಳ ಓದಿನ ವಿಷಯದಲ್ಲಿ ಮಾತ್ರ ಫತ್ವಾ ಹುಡುಕುವುದು ನನಗೆ ಸರಿಕಾಣುವುದಿಲ್ಲ.

ಪ್ರಯಾಣದ ಖರ್ಚು ಈಗ ಅಡ್ಡಿಯಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಬೆಳಗಿನ ಬಸ್ಸಿಗೆ ಹೊರಟು ಸಂಜೆ ಮರಳುವ ಚಿಂತೆಯಿದ್ದರೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿ ನಿಲಯ ಮೈಸೂರಿನಲ್ಲಿದೆ, ಅರ್ಜಿ ಹಾಕಬೇಕು. ಎರಡು ವರ್ಷದ ಮಧ್ಯೆ ಸಂಬಂಧ ಕೂಡಿಬಂದರೆ ಓದು ಮುಂದುವರಿಸುವ ಮಾತನ್ನು ನಿಕಾಹ್‌ಗೆ ಮೊದಲೇ ಹುಡುಗನ ಮನೆಯವರಲ್ಲಿ ಬಾಯಿಬಿಟ್ಟು ಆಡಿ. ಆಮೇಲೆ ಸೊಸೆ ಕೇಳಿದರೆ ಅದು ಹಟವಾಗುತ್ತದೆ.

ಕೊನೆಗೆ ಕಾಗದಪತ್ರ. ಜಾತಿ-ಆದಾಯ ಪ್ರಮಾಣಪತ್ರವನ್ನು ಹೋಬಳಿಯ ನಾಡಕಚೇರಿಯಿಂದ ಅಧಿಸೂಚನೆ ಬರುವ ಮೊದಲೇ ಮಾಡಿಸಿ. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಎರಡೂ ಇಲ್ಲ. ನಮ್ಮ ಹೆಣ್ಣುಮಕ್ಕಳ ಕಾಗದಗಳಲ್ಲಿ ಇದು ಸಾಮಾನ್ಯ. ದಾಖಲೆ ಪರಿಶೀಲನೆಯ ದಿನ ಇದನ್ನು ಸರಿಪಡಿಸಲು ಸಮಯ ಸಿಗುವುದಿಲ್ಲ. ಈ ವಾರವೇ ತೆಗೆದು ನೋಡಿ.