ಐದು ಗುಂಡಿನ ಲೆಕ್ಕ ಸಾಲದು

ಅಮೆರಿಕದ ಮೊಂಟಾನಾ, ವಯೋಮಿಂಗ್, ದಕ್ಷಿಣ ಡಕೋಟಾ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಗ್ ಎಂಬ ಪ್ರಾಣಿ ಬಿಲ ತೋಡಿಕೊಂಡು ಗುಂಪಾಗಿ ವಾಸಿಸುತ್ತದೆ. ಹೆಸರಿನಲ್ಲಿ ನಾಯಿಯಿದ್ದರೂ ಇದು ಅಳಿಲಿನ ಕುಟುಂಬಕ್ಕೆ ಸೇರಿದ್ದು. ತೂಕ ಸುಮಾರು ಒಂದು ಕಿಲೋ. ದನಗಳ ಮೇವನ್ನು ತಿನ್ನುವ ಇದನ್ನು ಅಲ್ಲಿನ ಪಶುಪಾಲಕರು ಪೀಡೆಯೆಂದೆಣಿಸಿ ದೂರದಿಂದ ಕೋವಿಯಲ್ಲಿ ಹೊಡೆಯುವುದುಂಟು. ಅವರಲ್ಲಿ ಅನೇಕರು ತೋಟಾಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಇಲ್ಲಿ ತಿಳಿಯಬೇಕಾದುದು ತುಂಬುವ ವಿಧಾನವಲ್ಲ, ತುಂಬಿದ್ದು ಎಷ್ಟು ಸಮನಾಗಿದೆ ಎಂದು ಅಳೆಯುವ ಕ್ರಮ.

ಈ ಬೇಟೆಯಲ್ಲಿ ಬಳಕೆಯಲ್ಲಿರುವ .223 ರೆಮಿಂಗ್ಟನ್ ತೋಟಾದ ಹಗುರ ಗುಂಡು ಸೆಕೆಂಡಿಗೆ ಸುಮಾರು 975 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ವೇಗ ಶೇಕಡ 1ರಷ್ಟು ಕುಗ್ಗಿದರೆ ಗುಂಡು ದಾರಿಯಲ್ಲಿ ಕೆಳಗಿಳಿಯುವ ಪ್ರಮಾಣ ಸುಮಾರು ಶೇಕಡ 2ರಷ್ಟು ಹೆಚ್ಚುತ್ತದೆ. 300 ಮೀಟರಿನಲ್ಲಿ ಇದು ಒಂದೂವರೆ ಸೆಂಟಿಮೀಟರಿನ ಆಸುಪಾಸು, ಲೆಕ್ಕಕ್ಕೆ ಬಾರದು. 500 ಮೀಟರಿನಲ್ಲಿ ಸುಮಾರು 5 ಸೆಂಟಿಮೀಟರ್ ಆಗುತ್ತದೆ. ಅಷ್ಟು ಚಿಕ್ಕ ಪ್ರಾಣಿಯ ವಿಷಯದಲ್ಲಿ ಇದರಿಂದ ಗುರಿ ತಪ್ಪುವುದು ಮಾತ್ರವಲ್ಲ, ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳುವುದೂ ಉಂಟು.

ವೇಗವನ್ನು ಕ್ರೋನೋಗ್ರಾಫ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಹಳೆಯ ಮಾದರಿಯಲ್ಲಿ ಗುಂಡು ಎರಡು ಬೆಳಕಿನ ಕಣ್ಣುಗಳ ಮೇಲೆ ಹಾದುಹೋಗುವ ಕಾಲವನ್ನು ಗುರುತಿಸಲಾಗುತ್ತದೆ. ಮೋಡ, ಬಿಸಿಲುಗಳ ಏರುಪೇರಿನಿಂದ ಇದು ಕೆಲವೊಮ್ಮೆ ತಪ್ಪು ತೋರಿಸುತ್ತದೆ. ಈಚೆಗೆ ರೇಡಾರ್ ಮಾದರಿಗಳು ಬಂದಿವೆ, ಅವಕ್ಕೆ ಈ ತೊಂದರೆಯಿಲ್ಲ.

ಉಪಕರಣಕ್ಕಿಂತ ಹೆಚ್ಚು ಮೋಸವಾಗುವುದು ಲೆಕ್ಕದಲ್ಲಿ. ಐದು ಗುಂಡುಗಳ ವೇಗ 974, 978, 970, 976, 972 ಎಂದಿಟ್ಟುಕೊಳ್ಳೋಣ. ಸರಾಸರಿ 974. ಪ್ರತಿಯೊಂದು ಸರಾಸರಿಯಿಂದ ಎಷ್ಟು ದೂರವಿದೆಯೆಂದು ನೋಡಿ, ಆ ಅಂತರಗಳನ್ನು ವರ್ಗಮಾಡಿ ಕೂಡಿದರೆ 40. ಅದನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸುಮಾರು 3.2. ನೋಡಲು ಬಹಳ ಚೆನ್ನಾಗಿದೆ. ಆದರೆ ಐದೇ ಗುಂಡಿನಿಂದ ಬಂದ ಈ ಅಂಕಿಗೆ ನಿಜವಾದ ವಿಚಲನೆ 1.9ರಿಂದ 9.1ರ ನಡುವೆ ಎಲ್ಲಿಯಾದರೂ ಇರಬಹುದು; ಶೇಕಡ 95ರ ಭರವಸೆಯಲ್ಲಿ ಹೇಳಲಾಗುವುದು ಇಷ್ಟೇ. ಐದು ತೆನೆ ತೂಗಿ ಇಡೀ ಹೊಲದ ಏರಿಳಿತವನ್ನು ಹೇಳಿದಂತೆ! ಇದೇ 3.2 ಇಪ್ಪತ್ತು ಗುಂಡುಗಳಿಂದ ಬಂದಿದ್ದರೆ ಮಿತಿ 2.4ರಿಂದ 4.7ಕ್ಕೆ ಇಳಿಯುತ್ತದೆ. ಆದುದರಿಂದ ಒಂದು ಬಗೆಯ ತೋಟಾದಲ್ಲಿ 3, ಇನ್ನೊಂದರಲ್ಲಿ 5 ಬಂತೆಂದು, ಐದೈದು ಗುಂಡಿನ ಆಧಾರದ ಮೇಲೆ ಮೊದಲನೆಯದೇ ಉತ್ತಮವೆನ್ನಲು ಬರುವುದಿಲ್ಲ.

ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗಗಳ ಅಂತರವನ್ನಷ್ಟೇ ನೋಡುವ ರೂಢಿ ಇನ್ನೂ ಕೆಟ್ಟದು. ಗುಂಡುಗಳು ಹೆಚ್ಚಿದಂತೆ ಈ ಅಂತರವೂ ತಾನಾಗಿಯೇ ಹಿಗ್ಗುತ್ತದೆ. ಕಡಿಮೆ ಗುಂಡು ಹೊಡೆದವನ ತೋಟಾವೇ ಒಳ್ಳೆಯದೆಂದು ಕಾಣುತ್ತದೆ!

ವೇಗ ಹೆಚ್ಚುಕಡಿಮೆಯಾಗಲು ಮದ್ದಿನ ತೂಕ, ಹಿತ್ತಾಳೆ ಕವಚದ ಒಳಗಾತ್ರ, ಗುಂಡನ್ನು ಹಿಡಿದಿರುವ ಕವಚದ ಬಿಗಿ, ಪ್ರೈಮರ್ ಮೊದಲಾದವು ಕಾರಣ. ಬಿಸಿಯೇರಿದ ನಳಿಗೆಯಲ್ಲಿ ತೋಟಾವನ್ನು ಹೊತ್ತು ಬಿಟ್ಟು ಹೊಡೆದರೆ ಮದ್ದು ಕಾದು ಆ ಒಂದು ಗುಂಡು ಬೇರೆಯಾಗಿ ನಿಲ್ಲುವುದುಂಟು. ಉಪಕರಣ ತಪ್ಪಿದ್ದು ಖಚಿತವಾಗಿ ತಿಳಿದಾಗ ಹೊರತು, ಸೇರದ ಅಂಕಿಯನ್ನು ಹೊಡೆದುಹಾಕಬಾರದು. ಹೊಲದಲ್ಲಿ ಹೊಡೆಯುವ ಗುಂಡುಗಳಲ್ಲಿ ಅಂತಹದೂ ಒಂದಿರುತ್ತದೆ.