ಬಿಸಿಲ ನಾಡಿನಲ್ಲಿ ಮೂಳೆ ಮತ್ತು ಮೂತ್ರಪಿಂಡ

ವರ್ಷದ ಬಹುಪಾಲು ದಿನಗಳಲ್ಲಿ ಪ್ರಖರ ಬಿಸಿಲಿರುವ ಕತಾರಿನಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆಯೆಂಬುದು ಅಲ್ಲಿನ ವೈದ್ಯಕೀಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬೇಸಿಗೆಯ ಹಗಲಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ ಅನೇಕರ ದಿನಚರಿ ಹವಾನಿಯಂತ್ರಿತ ಮನೆ, ಕಚೇರಿ, ಕಾರುಗಳೊಳಗೇ ಸಾಗುತ್ತದೆ. ಕಿಟಕಿಯ ಗಾಜು ಬೆಳಕನ್ನು ಒಳಬಿಟ್ಟರೂ ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಬೇಕಾದ ಅತಿನೇರಳೆ ಬಿ ಕಿರಣಗಳನ್ನು ತಡೆಯುತ್ತದೆ. ಅದೇ ನಾಡಿನಲ್ಲಿ ಬಯಲಿನಲ್ಲಿ ದುಡಿಯುವವರಿಗೆ, ಬೆವರಿ ಮೈಯ ನೀರು ಬತ್ತುವುದರಿಂದ, ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯವಿದೆ. ಬೇರೆ ಬೇರೆಯಾಗಿ ತೋರುವ ಈ ಎರಡು ತೊಂದರೆಗಳೂ ರಕ್ತದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಹದದಲ್ಲಿಡಲು ಅಸ್ಥಿವ್ಯವಸ್ಥೆಯೂ ಮೂತ್ರವ್ಯವಸ್ಥೆಯೂ ಕೂಡಿ ನಡೆಸುವ ಕೆಲಸಕ್ಕೆ ಸಂಬಂಧಿಸಿದವು.

ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇದ್ದು, ಅದರಲ್ಲಿ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿದೆ. ರಕ್ತದಲ್ಲಿರುವುದು ಅತ್ಯಲ್ಪವಾದರೂ ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಸಂವಹನ ಅದನ್ನೇ ನೆಚ್ಚಿಕೊಂಡಿರುವುದರಿಂದ, ಅದು ಸ್ವಲ್ಪ ಇಳಿದೊಡನೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳು ಹಾರ್ಮೋನನ್ನು, ಅಂದರೆ ರಕ್ತದ ಮೂಲಕ ಸಾಗುವ ರಾಸಾಯನಿಕ ಸಂದೇಶವನ್ನು, ಹೊರಡಿಸುತ್ತವೆ. ಅದರ ಪ್ರಭಾವದಿಂದ ಮೂಳೆ ತನ್ನಲ್ಲಿರುವ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುವ ಮೂತ್ರಪಿಂಡಗಳು ಸೋಸಿದ ಕ್ಯಾಲ್ಸಿಯಂ ಅನ್ನು ಇನ್ನಷ್ಟು ಹೀರಿ ಉಳಿಸಿಕೊಂಡು, ರಂಜಕವನ್ನು ಹೊರಹಾಕುತ್ತವೆ.

ಚರ್ಮದಲ್ಲಿ ಹುಟ್ಟಿದ ವಿಟಮಿನ್ ಡಿ ಯಕೃತ್ತಿನಲ್ಲಿ ಒಮ್ಮೆ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಕ್ರಿಯಾಶೀಲ ರೂಪ ಪಡೆದ ಮೇಲಷ್ಟೇ ಕರುಳು ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳಬಲ್ಲದು. ಈ ಕೊನೆಯ ಹಂತ ನಡೆಯುವುದು ಮೂತ್ರಪಿಂಡದಲ್ಲೆಂದು 1970ರಲ್ಲಿ ಕೇಂಬ್ರಿಜಿನ ಫ್ರೇಸರ್ ಮತ್ತು ಕೊಡಿಚೆಕ್ ತೋರಿಸಿದರು. ದೀರ್ಘಕಾಲದ ಮೂತ್ರಪಿಂಡ ರೋಗವುಳ್ಳವರ ಮೂಳೆಗಳು ದುರ್ಬಲವಾಗಲು ಇದೂ ಒಂದು ಮುಖ್ಯ ಕಾರಣ. ಮೂಳೆಯನ್ನು ಬರಿಯ ಉಗ್ರಾಣವೆಂದು ಎಣಿಸುವುದೂ ಸಲ್ಲದು. ಅದರ ಕೋಶಗಳು ಎಫ್‌ಜಿಎಫ್ 23 ಎಂಬ ಹಾರ್ಮೋನನ್ನು ಸ್ರವಿಸಿ, ಹೆಚ್ಚಾದ ರಂಜಕವನ್ನು ವಿಸರ್ಜಿಸುವಂತೆ ಮೂತ್ರಪಿಂಡಕ್ಕೆ ತಾವೇ ಸೂಚನೆ ಕಳುಹಿಸುತ್ತವೆ.

ಕತಾರ್ ಸರ್ಕಾರ 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ದುಡಿಮೆಯನ್ನು ನಿಷೇಧಿಸಿದ್ದು, ಬೆವರಿ ದುಡಿಯುವವರ ಮೂತ್ರಪಿಂಡಗಳಿಗೂ ಇದು ಆಸರೆಯೇ ಸರಿ. ನೀರು ಸಾಲದಾಗ ಮೂತ್ರ ಗಾಢವಾಗಿ, ಅದರಲ್ಲಿನ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಎಂಬ ರಾಸಾಯನಿಕ ಕೂಡಿ ಹರಳುಗಟ್ಟುತ್ತವೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಕೇಳಿದವರು ಹಾಲು ಮೊಸರನ್ನೇ ತೊರೆಯುವುದುಂಟು. ಇದು ಮೂಳೆಗೂ ಮೂತ್ರಪಿಂಡಕ್ಕೂ ಒಟ್ಟಿಗೇ ಬಗೆಯುವ ಅನ್ಯಾಯ. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಂದಿಗೆ ಸಾಗಿಸುತ್ತದೆ. ಅದು ಕಡಿಮೆಯಾದರೆ ಹೆಚ್ಚು ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕಿಳಿಯುತ್ತದೆ. ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಉಪ್ಪು ಮತ್ತು ಮಾಂಸವನ್ನು ಮಿತಗೊಳಿಸಿ ಕ್ಯಾಲ್ಸಿಯಂ ಅನ್ನು ಸಾಮಾನ್ಯ ಪ್ರಮಾಣದಲ್ಲೇ ಸೇವಿಸಿದವರಿಗೆ ಕಲ್ಲು ಮರುಕಳಿಸುವ ಅಪಾಯ, ಕ್ಯಾಲ್ಸಿಯಂ ತಗ್ಗಿಸಿದವರಿಗಿಂತ ಸುಮಾರು ಅರ್ಧದಷ್ಟೇ ಇತ್ತು.